ಹಳೇ ಹೇನೆಲ್ 310 ಸಿಗುತ್ತಿದೆ, ತಗೊಳ್ಳಬಹುದಾ? ಮ್ಯಾಗಝೀನ್ ಇರುವ ಸ್ಪ್ರಿಂಗ್ ಏರ್ ರೈಫಲ್ ಬಗ್ಗೆ ಸಲಹೆ ಬೇಕು

ಧಾರವಾಡ_ಲೈಪ್ಸಿಗ್

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿರುವ ಕನ್ನಡಿಗರಲ್ಲಿ ಏರ್ ರೈಫಲ್ ಹುಚ್ಚಿನವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ನಾನಿರುವುದು ಲೈಪ್ಸಿಗ್‌ನಲ್ಲಿ. ನಮ್ಮ ಕಟ್ಟಡದ ಕೆಳಗಿನ ಮನೆಯ ಅಜ್ಜ ನೆಲಮಾಳಿಗೆಯ ಸಾಮಾನೆಲ್ಲ ಖಾಲಿ ಮಾಡುತ್ತಿದ್ದಾರೆ. ಅದರಲ್ಲಿ ಒಂದು ಹೇನೆಲ್ 310 ಇದೆ. ಪೂರ್ವ ಜರ್ಮನಿ ಕಾಲದ್ದು, ಝೂಲ್ ಊರಿನಲ್ಲಿ ತಯಾರಾದದ್ದು. ಆಗ ಅಲ್ಲಿಯ ಹುಡುಗರಿಗೆ ಗುರಿ ಹೊಡೆಯುವುದನ್ನೆಲ್ಲ ಕಲಿಸುತ್ತಿದ್ದ ಜಿಎಸ್‌ಟಿ ಅನ್ನುವ ಸಂಸ್ಥೆಯಲ್ಲಿ (ನಮ್ಮ ತೆರಿಗೆ ಅಲ್ಲ ಮಾರಾಯ್ರೆ) ಇವರೂ ಇದ್ದರಂತೆ.

ಬ್ಯಾರೆಲ್ ಮಡಚಿ ಕಾಕ್ ಮಾಡುವ (ಸ್ಪ್ರಿಂಗ್ ಒತ್ತಿ ಸಜ್ಜು ಮಾಡುವ) ಮಾಮೂಲಿ ಏರ್‌ಗನ್ ಅಲ್ಲ ಇದು. ಬಲಗಡೆ ಬೋಲ್ಟ್, ಕೆಳಗೆ ಪುಟ್ಟ ಮ್ಯಾಗಝೀನ್, 6 ಗುಂಡು ಹಿಡಿಯುತ್ತದೆ. ಬೋಲ್ಟ್ ಹಿಂದಕ್ಕೆ ಎಳೆದರೆ ಸ್ಪ್ರಿಂಗ್ ಕಾಕ್ ಆಗುತ್ತದೆ, ವಾಪಸ್ ತಳ್ಳಿದರೆ ಮುಂದಿನ ಗುಂಡು ಒಳಗೆ ಕೂರುತ್ತದೆ. ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪ್‌ನಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದ ಮೇಲೆ ಇಂಥದ್ದು ಕೈಗೆ ಬಂದಿರಲಿಲ್ಲ. ಆ ಬೋಲ್ಟ್‌ನ ಖಟಕ್ ಸದ್ದು ಕೇಳಿದ್ದೇ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ.

ಅಜ್ಜ 150 ಯೂರೋ ಹೇಳುತ್ತಿದ್ದಾರೆ, ಸ್ವಲ್ಪ ಇಳಿಸಬಹುದು. ಆದರೆ ಅದರ ಮೇಲೆ ಪಂಚಕೋನದೊಳಗೆ ಎಫ್ ಅಕ್ಷರದ ಗುರುತು ಇಲ್ಲ. ಆ ಗುರುತಿಲ್ಲದ ಏರ್‌ಗನ್ ಇಟ್ಟುಕೊಂಡರೆ ಕಷ್ಟ ಅಂತ ಆಫೀಸಿನಲ್ಲಿ ಒಬ್ಬ ಹೆದರಿಸಿದ. ನಿಜವಾ? ಇನ್ನೊಂದು, ಇದಕ್ಕೆ 4.4 ಮಿಲಿಮೀಟರ್ ಸೀಸದ ದುಂಡು ಗುಂಡೇ ಬೇಕಂತೆ, ಈಗಲೂ ಸಿಗುತ್ತದಾ? ಹೇನೆಲ್ ಕಂಪನಿ ಈಗಲೂ ಇದೆಯಲ್ಲ, ಬಿಡಿಭಾಗ ಅವರ ಹತ್ತಿರ ಕೇಳಬಹುದಾ? ಅಥವಾ ಇದೆಲ್ಲ ತಲೆನೋವು ಬೇಡ ಅಂತ ಹೊಸದಾಗಿ 10 ಪೆಲೆಟ್ (ಸೊಂಟ ಸಣ್ಣಗಿರುವ ಸೀಸದ ಗುಂಡು) ಹಿಡಿಯುವ ಗಾಮೊ ರೀಪ್ಲೇ ರೈಫಲ್ ತಗೊಂಡುಬಿಡಲಾ? ನನಗೆ ಬೇಕಿರುವುದು ವಾರಾಂತ್ಯಕ್ಕೆ ಕಾಗದಕ್ಕೆ, ಡಬ್ಬಕ್ಕೆ ಹೊಡೆಯಲಿಕ್ಕೆ ಅಷ್ಟೇ.

ತೀರ್ಥಹಳ್ಳಿ_ಗುರಿಕಾರ

ಮೊದಲು ಒಂದು ಮಾತು ಕೇಳಿ, ಆಮೇಲೆ 310 ಬಗ್ಗೆ ಹೇಳುತ್ತೇನೆ. ಮ್ಯಾಗಝೀನ್ ಇರುವ ಸ್ಪ್ರಿಂಗ್ ಗನ್ ಯಾಕೆ ಇಷ್ಟು ಕಡಿಮೆ ಅಂತ ಯೋಚನೆ ಮಾಡಿದ್ದೀರಾ? ಸಿಲಿಂಡರ್‌ನಲ್ಲಿ ಗಾಳಿ ತುಂಬಿಟ್ಟ ರೈಫಲ್ ಆದರೆ ಒಂದು ಸಲ ತುಂಬಿದ ಗಾಳಿ ತುಂಬಾ ಹೊಡೆತಕ್ಕೆ ಬರುತ್ತದೆ, ಅಲ್ಲಿ ಮ್ಯಾಗಝೀನ್‌ಗೆ ಅರ್ಥ ಇದೆ. ಸ್ಪ್ರಿಂಗ್ ಗನ್‌ನಲ್ಲಿ ಪ್ರತಿ ಹೊಡೆತಕ್ಕೂ ನೀವೇ ಸ್ಪ್ರಿಂಗ್ ಒತ್ತಬೇಕು, ಮೈ ನೋವು ಬರುವುದು ಅದರಿಂದಲೇ. ಬ್ಯಾರೆಲ್ ಮಡಚುವ ಗನ್ ಆದರೆ ಮಡಚಿದಾಗ ಬ್ಯಾರೆಲ್‌ನ ಹಿಂಬಾಯಿ ಹೇಗೂ ಹೆಬ್ಬೆರಳ ಹತ್ತಿರವೇ ಬಂದಿರುತ್ತದೆ, ಪೆಲೆಟ್ ಇಡಲಿಕ್ಕೆ ಎಷ್ಟು ಹೊತ್ತು? ಅಷ್ಟು ಉಳಿಸಲಿಕ್ಕೆ ಮ್ಯಾಗಝೀನ್, ಪೆಲೆಟ್ ತಳ್ಳಲಿಕ್ಕೊಂದು ಸರಳು, ಅದಕ್ಕೊಂದು ಸ್ಪ್ರಿಂಗ್. ಕೆಡಲಿಕ್ಕೆ ನಾಲ್ಕು ಜಾಗ ಜಾಸ್ತಿ ಆಯಿತು ಅಷ್ಟೇ. ಮೇಲಿಂದ ಪೆಲೆಟ್ ಮೆತ್ತನೆ ಸೀಸ, ತಳದ ಅಂಚು ಕಾಗದದಷ್ಟು ತೆಳ್ಳಗೆ ಇರುತ್ತದೆ, ಸರಳು ಸ್ವಲ್ಪ ಓರೆಯಾಗಿ ತಳ್ಳಿದರೂ ಅಂಚು ನೆಗ್ಗಿ ಗುರಿ ತಪ್ಪುತ್ತದೆ.

ದುಂಡು ಗುಂಡಿಗೆ ಈ ತಾಪತ್ರಯ ಇಲ್ಲ. ಅದಕ್ಕೆ ಹಿಂದೆ ಮುಂದೆ ಅನ್ನುವುದೇ ಇಲ್ಲವಲ್ಲ, ಹೇಗೆ ಉರುಳಿ ಬಂದರೂ ಸರಿಯೇ. ಹಾಗಾಗಿಯೇ ಹಳೆಯ ಜರ್ಮನ್ ರಿಪೀಟರ್‌ಗಳು (ಮ್ಯಾಗಝೀನ್ ಇರುವ ಗನ್‌ಗಳು), ನಿಮ್ಮ ಹೇನೆಲ್ ಇರಲಿ, ಆನ್‌ಶುಟ್ಝ್ 275 ಇರಲಿ, ಎಲ್ಲ 4.4 ದುಂಡು ಗುಂಡಿನವೇ. ಡಯಾನಾ 30 ಅಂತ ಒಂದಿದೆ, ಅದನ್ನು ಮಾಡಿದ್ದೇ ಜಾತ್ರೆಯ ಗುರಿ ಅಂಗಡಿಗಳಿಗೆ. ಎಷ್ಟು ಹೊಡೆತ ಆಯಿತು ಅಂತ ಎಣಿಸುವ ಮೀಟರ್ ಕೂಡ ಅದರಲ್ಲೇ ಇದೆ, ಗಿರಾಕಿ ಮೋಸ ಮಾಡಬಾರದಲ್ಲ! ನಮ್ಮ ದಸರಾ ಎಗ್ಸಿಬಿಷನ್‌ನ ಬಲೂನ್ ಅಂಗಡಿಯವನಿಗೆ ಒಂದು ಸಿಕ್ಕಿದ್ದರೆ ಎಷ್ಟು ಖುಷಿಪಡುತ್ತಿದ್ದನೋ.

ದುಂಡು ಗುಂಡಿನ ತೊಂದರೆ ದೂರದಲ್ಲಿ ಗೊತ್ತಾಗುತ್ತದೆ. ಸೊಂಟ ಸಣ್ಣಗಿರುವ ಪೆಲೆಟ್ ಗಾಳಿಯಲ್ಲಿ ನೇರ ನಿಲ್ಲುತ್ತದೆ, ಅದರ ಅಂಚು ಅರಳಿ ಬ್ಯಾರೆಲ್‌ಗೆ ಬಿಗಿಯಾಗಿ ಕೂರುತ್ತದೆ. ದುಂಡು ಗುಂಡಿಗೆ ಅದೆರಡೂ ಇಲ್ಲ. 10 ಮೀಟರ್ ಒಳಗೆ ಆಟ ಚೆನ್ನಾಗಿರುತ್ತದೆ, ಅದರಾಚೆ ಬೇಜಾರಾಗುತ್ತದೆ. ಸ್ಕೋಪ್ ಹಾಕುವ ಯೋಚನೆ ಇದ್ದರೆ ಅದನ್ನೂ ಬಿಡಿ.

ಆದರೂ ನನ್ನ ಮಾತು ತಗೊಳ್ಳಿ ಅಂತಲೇ. ಮ್ಯಾಗಝೀನ್ ಇರುವ ಸ್ಪ್ರಿಂಗ್ ಗನ್‌ಗಳಲ್ಲಿ ಮ್ಯಾಗಝೀನ್‌ಗೆ ನಿಜವಾಗಿ ಅರ್ಥ ಇರುವುದು ಇಂಥದ್ದರಲ್ಲಿ. ಕಾಕ್ ಮಾಡುವುದೂ ಗುಂಡು ಹಾಕುವುದೂ ಒಂದೇ ಕೈಬೀಸಿನಲ್ಲಿ ಆಗುತ್ತದೆ, ಮರಳು ಚೀಲದ ಮೇಲೆ ಮಲಗಿಸಿದ ಗನ್ ಎತ್ತುವ ಕೆಲಸ ಇಲ್ಲ.

ಕೊಳ್ಳುವ ಮುಂಚೆ ಮ್ಯಾಗಝೀನ್ ಜೊತೆಗಿದೆಯಾ ನೋಡಿ. ಬಹಳ ಗನ್‌ಗಳಲ್ಲಿ ಅದೇ ಕಳೆದುಹೋಗಿರುತ್ತದೆ, ಅದಿಲ್ಲದೆ ಗನ್ ಇದ್ದೂ ಇಲ್ಲದ ಹಾಗೆ. ಇದ್ದರೆ ಹೊರಗೆ ತೆಗೆದು ಮೇಲಿನ ತುಟಿಗಳನ್ನು ಬೆಳಕಿಗೆ ಹಿಡಿದು ನೋಡಿ, ಗುಂಡನ್ನು ಹಿಡಿದುಕೊಳ್ಳುವುದು ಅವೇ. ಒಂದು ಕಡೆ ಅಗಲವಾಗಿದ್ದರೆ ಯಾರೋ ಕೆಳಗೆ ಬೀಳಿಸಿದ್ದಾರೆ ಅಂತ ಲೆಕ್ಕ. ಒಳಗಿನ ಪುಟ್ಟ ತಟ್ಟೆಯನ್ನು ಬೆರಳಿನಿಂದ ಒತ್ತಿ ಬಿಡಿ, ತಡೆಯದೆ ಮೇಲೆ ಬರಬೇಕು. ಆಮೇಲೆ ಬ್ಯಾರೆಲ್‌ಗೆ ಟಾರ್ಚ್ ಬಿಟ್ಟು ನೋಡಿ. ಸೀಸದ ಗುಂಡು ಸಿಗದೆ ಯಾರಾದರೂ ಉಕ್ಕಿನ ಬಿಬಿ (ಪುಟ್ಟ ದುಂಡು ಗುಂಡು) ಹಾಕಿ ಹೊಡೆದಿದ್ದರೆ ಒಳಗಿನ ಗೆರೆಗಳು ಸವೆದಿರುತ್ತವೆ. ಬಿಬಿ ಡಬ್ಬಿಯ ಮೇಲೆ 4.5 ಅಂತ ಬರೆದಿದ್ದರೂ ಗುಂಡು ಅದಕ್ಕಿಂತ ಸಣ್ಣಗಿರುತ್ತದೆ, ಸಲೀಸಾಗಿ ಒಳಗೆ ಹೋಗುತ್ತದೆ, ಜನ ಹಾಕುತ್ತಾರೆ. ನೀವು ಮಾತ್ರ ಹಾಕಬೇಡಿ. ಪೆಲೆಟ್ ಕೂಡ ಇದಕ್ಕಲ್ಲ.

ಗುಂಡಿಲ್ಲದೆ ಸುಮ್ನೆ ಟ್ರಿಗರ್ ಒತ್ತಿ ನೋಡಬೇಡಿ. ಮುಂದೆ ಗುಂಡಿದ್ದರೆ ಗಾಳಿ ಒತ್ತಿಕೊಂಡು ಪಿಸ್ಟನ್‌ಗೆ ಮೆತ್ತೆ ಸಿಗುತ್ತದೆ, ಇಲ್ಲದಿದ್ದರೆ ಪಿಸ್ಟನ್ ಹೋಗಿ ಕಬ್ಬಿಣಕ್ಕೇ ಬಡಿಯುತ್ತದೆ.

ಸೀಸದ ಗುಂಡು ಜರ್ಮನಿಯಲ್ಲಿ ಸಿಗುತ್ತದೆ. ಡಬ್ಬಿ ಮೇಲೆ ಅಳತೆ ಓದಿ ತಗೊಳ್ಳಿ. ಹೇನೆಲ್ ಕಂಪನಿಗೆ ಮೇಲ್ ಹಾಕಿ ಪ್ರಯೋಜನ ಇಲ್ಲ, ಈಗಿರುವುದು 2008ರಲ್ಲಿ ಹಳೇ ಹೆಸರಿನಲ್ಲಿ ಮತ್ತೆ ಶುರುವಾದ ಕಂಪನಿ. ಬಿಡಿಭಾಗ ಬೇಕೆಂದರೆ ಹಳೇ ಗನ್ ಬಿಚ್ಚಿ ಮಾರುವವರನ್ನೇ ಹುಡುಕಬೇಕು.

ಪುತ್ತೂರು_ವಕೀಲ್ರು

ಎಫ್ ಗುರುತಿನ ವಿಷಯ ನಾನು ಹೇಳುತ್ತೇನೆ. ನಿಮ್ಮ ಆಫೀಸಿನವರು ಅರ್ಧ ಸರಿ.

ಜರ್ಮನಿಯಲ್ಲಿ 18 ತುಂಬಿದವರು ಪರವಾನಗಿ ಇಲ್ಲದೆ ಕೊಳ್ಳಬಹುದಾದ ಏರ್‌ಗನ್‌ಗೆ 7.5 ಜೌಲ್ ಶಕ್ತಿಯ ಮಿತಿ ಇದೆ, ಆ ಮಿತಿಯೊಳಗಿದೆ ಅನ್ನಲಿಕ್ಕೇ ಆ ಎಫ್. ಆದರೆ ಅದೇ ಕಾಯ್ದೆಯಲ್ಲಿ ಹಳೆಯ ಗನ್‌ಗಳಿಗೆ ವಿನಾಯಿತಿ ಇದೆ. 1970ರ ಜನವರಿ 1ಕ್ಕಿಂತ ಮುಂಚೆ ತಯಾರಾದವು, ಮತ್ತೆ ಹಳೇ ಪೂರ್ವ ಜರ್ಮನಿ ಪ್ರದೇಶದಲ್ಲಿ 1991ರ ಏಪ್ರಿಲ್ 2ಕ್ಕಿಂತ ಮುಂಚೆ ತಯಾರಾಗಿ ಆಗಿನ ನಿಯಮದಂತೆ ಮಾರಾಟವಾದವು, ಇವಕ್ಕೆ ಎಫ್ ಬೇಕಿಲ್ಲ. ಝೂಲ್ ಇರುವುದು ಆ ಭಾಗದಲ್ಲೇ. ಹಾಗಾಗಿ ಅಜ್ಜನ ಗನ್ ಆ ಕಾಲದ್ದೇ ಆಗಿದ್ದರೆ ಚಿಂತೆ ಬೇಡ. ಆದರೂ ಒಂದು ಹಾಳೆಯಲ್ಲಿ ಮಾಡೆಲ್, ನಂಬರ್, ಅವರು ಯಾವಾಗ ತಗೊಂಡದ್ದು ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ.

ಹೊಡೆಯುವ ಜಾಗದ ಬಗ್ಗೆ ಹುಷಾರು. ನಿಮ್ಮದೇ ಆವರಣವಾಗಿರಬೇಕು, ಇಲ್ಲವೇ ಮಾಲೀಕರ ಒಪ್ಪಿಗೆ ಇರಬೇಕು. ಗನ್ 7.5 ಜೌಲ್ ಒಳಗಿರಬೇಕು, ಗುಂಡು ಆ ಜಾಗ ಬಿಟ್ಟು ಹೊರಗೆ ಹೋಗುವ ಸಾಧ್ಯತೆಯೇ ಇರಬಾರದು. ಬಾಡಿಗೆ ಮನೆಯ ನೆಲಮಾಳಿಗೆ ಎಲ್ಲರದ್ದು, ಹಾಗಾಗಿ ಮನೆ ಮಾಲೀಕರನ್ನು ಕೇಳದೆ ಶುರು ಮಾಡಬೇಡಿ. ಬಾಲ್ಕನಿಯಿಂದ ಅಂತೂ ಬೇಡವೇ ಬೇಡ, ಎದುರು ಮನೆಯವರು ಕಂಡರೆ ಪೊಲೀಸರು ಬರುವುದು ಗ್ಯಾರಂಟಿ. ಮನೆಯಲ್ಲಿ ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು. ಕ್ಲಬ್‌ಗೆ ಒಯ್ಯುವಾಗ ಖಾಲಿ ಮಾಡಿ, ಬೀಗ ಹಾಕಿದ ಚೀಲದಲ್ಲಿ. ಹೆಗಲಿಗೆ ನೇತು ಹಾಕಿಕೊಂಡು ಟ್ರಾಮ್ ಹತ್ತಬೇಡಿ.

ಕೊಡಗಿನ_ಕಾವೇರಿ

ಗುರಿಕಾರರೇ, ನೀವು ಹೊಸ ರಿಪೀಟರ್‌ಗಳನ್ನು ಒಂದೇ ಏಟಿಗೆ ತೆಗೆದುಹಾಕಿದಿರಿ! ನಮ್ಮ ಮನೆಯಲ್ಲಿ ರೀಪ್ಲೇ ಇದೆ, ನಮ್ಮವರು ತಂದದ್ದು, ಜಾಸ್ತಿ ಹೊಡೆಯುವವಳು ನಾನು. ಅಮೆರಿಕದಲ್ಲಿ ಇದನ್ನೇ ಸ್ವಾರ್ಮ್ ಅಂತ ಮಾರುತ್ತಾರೆ. ಒಳಗೆ ಸುರುಳಿ ಸ್ಪ್ರಿಂಗ್ ಇಲ್ಲ, ಅದರ ಕೆಲಸ ಒತ್ತಿದ ಗ್ಯಾಸ್ ಮಾಡುತ್ತದೆ, ಗ್ಯಾಸ್ ಪಿಸ್ಟನ್. ಚಳಿಯಲ್ಲಿ ಗ್ಲವ್ಸ್ ಹಾಕಿಕೊಂಡು ಒಂದೊಂದೇ ಪೆಲೆಟ್ ಇಡುವುದು ಎಂಥ ಪಾಡು ಅಂತ ಹಾಕಿದವರಿಗೇ ಗೊತ್ತು, ಅರ್ಧ ಪೆಲೆಟ್ ಹುಲ್ಲಿಗೆ ಬೀಳುತ್ತವೆ. ಮ್ಯಾಗಝೀನ್ ಇದ್ದರೆ ಬ್ಯಾರೆಲ್ ಮಡಚು, ಮುಚ್ಚು, ಹೊಡಿ. ಅಷ್ಟೇ.

ತೊಂದರೆ ಇಲ್ಲ ಅಂತಲ್ಲ. ಮೊದಲ ತಲೆಮಾರಿನವುಗಳಲ್ಲಿ ಮ್ಯಾಗಝೀನ್ ನೇರ ಮೇಲಕ್ಕೆ ನಿಂತಿರುತ್ತದೆ, ಬರಿಗಣ್ಣಿನ ಗುರಿಗೆ ಅಡ್ಡ ಬರುತ್ತದೆ. ಆಮೇಲೆ ಬಂದವುಗಳಲ್ಲಿ ಅಡ್ಡ ಮಲಗಿಸಿದ್ದಾರೆ. ಇನ್ನೊಂದು, ಬ್ಯಾರೆಲ್ ಮಡಚಿ ಮುಚ್ಚಿದಾಗಲೆಲ್ಲ ಅದು ಒಂದು ಪೆಲೆಟ್ ತಳ್ಳುತ್ತದೆ. ಹೊಡೆಯದೆ ಮತ್ತೆ ಮಡಚಿದರೆ ಬ್ಯಾರೆಲ್‌ನಲ್ಲಿ ಎರಡು ಪೆಲೆಟ್. ಇದನ್ನು ತಪ್ಪಿಸಲಿಕ್ಕೆ ಮೂರನೇ ತಲೆಮಾರಿನದರಲ್ಲಿ ಹೊಡೆತದ ಒದೆತದಿಂದಲೇ ಮ್ಯಾಗಝೀನ್ ಮುಂದೆ ಸರಿಯುವ ಹಾಗೆ ಮಾಡಿದ್ದಾರೆ. ಕೊಳ್ಳುವುದಾದರೆ ಅದನ್ನೇ ಕೇಳಿ. ಉದ್ದ ಪೆಲೆಟ್ ಮ್ಯಾಗಝೀನ್‌ಗೆ ಹಿಡಿಸುವುದಿಲ್ಲ.

ಮನೆಯಲ್ಲಿ ಕೋವಿ ಇಟ್ಟುಕೊಂಡೇ ಬೆಳೆದವರು ನಾವು, ಕೈಲ್‌ಪೊಳ್ದ್ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆದ ಕೈ ಇದು. ಹಾಗಾಗಿ ಧಾರವಾಡದವರಿಗೆ ಒಂದು ಮಾತು: ಗುರಿ ಕಲಿಯಬೇಕು ಅಂತಿದ್ದರೆ ಇವೆರಡೂ ಬೇಡ. ಒಂದೇ ಪೆಲೆಟ್ ಹಾಕುವ ವೈಹ್ರೌಖ್ ಎಚ್‌ಡಬ್ಲ್ಯೂ 30 ತಗೊಳ್ಳಿ. ಅದರ ಟ್ರಿಗರ್ ಒಮ್ಮೆ ಒತ್ತಿದರೆ ಉಳಿದದ್ದೆಲ್ಲ ಸಪ್ಪೆ ಅನಿಸುತ್ತದೆ.

ತೀರ್ಥಹಳ್ಳಿ_ಗುರಿಕಾರ

ಕಾವೇರಿ ಮೇಡಂ, ಗ್ಲವ್ಸ್ ಮಾತು ಒಪ್ಪಿದೆ. ಎಚ್‌ಡಬ್ಲ್ಯೂ 30 ವಿಷಯದಲ್ಲಿ ನಾನೂ ನಿಮ್ಮ ಪಾರ್ಟಿಯೇ. ಆದರೆ ಅವರಿಗೆ ಹುಚ್ಚು ಹಿಡಿದಿರುವುದು ಬೋಲ್ಟ್‌ನದ್ದು. ಎಚ್‌ಡಬ್ಲ್ಯೂ ಅಂಗಡಿಯಲ್ಲಿ ನಾಳೆಯೂ ಇರುತ್ತದೆ, ಅಜ್ಜನ ಗನ್ ಇರುವುದಿಲ್ಲ.

ಧಾರವಾಡ_ಲೈಪ್ಸಿಗ್

ಎಲ್ಲರಿಗೂ ಥ್ಯಾಂಕ್ಸ್. ಸಂಜೆ ಹೋಗಿ ನೋಡಿ ಬಂದೆ. ಮ್ಯಾಗಝೀನ್ ಎರಡಿವೆ! ಒಂದರ ತುಟಿ ಗುರಿಕಾರರು ಹೇಳಿದ ಹಾಗೇ ಬಲಗಡೆಗೆ ತೆರೆದುಕೊಂಡಿದೆ, ಇನ್ನೊಂದು ನೆಟ್ಟಗಿದೆ. ಬ್ಯಾರೆಲ್ ಒಳಗೆ ಗೆರೆ ಕಾಣುತ್ತದೆ, ಬೂದು ಬಣ್ಣದ ಪುಡಿ ಕೂತಿದೆ. ಡ್ರಾಯರ್‌ನಲ್ಲಿ ಒಂದು ಡಬ್ಬಿ ಹಳೇ ಗುಂಡೂ ಇತ್ತು, ಮೇಲೆ ಬಿಳಿ ಪೌಡರ್ ಹಿಡಿದಿದೆ. ಮರದ ಹಿಡಿಯಲ್ಲಿ ಒಂದು ಸಣ್ಣ ಬಿರುಕು, ಮೊಳೆ ಹತ್ತಿರ. ಆ ಹಳೇ ಗುಂಡು ಹೊಡೆಯಬಹುದಾ?

ತೀರ್ಥಹಳ್ಳಿ_ಗುರಿಕಾರ

ಬಿಳಿ ಪೌಡರ್ ಅಂದರೆ ಸೀಸ ತುಕ್ಕು ಹಿಡಿದದ್ದು, ವಿಷ. ಮುಟ್ಟಿದ್ದರೆ ಕೈ ತೊಳೆದುಕೊಂಡು ಆಮೇಲೆ ಊಟಕ್ಕೆ ಕೂರಿ. ಆ ಡಬ್ಬಿಯನ್ನು ಅಪಾಯಕಾರಿ ಕಸ ತಗೊಳ್ಳುವ ಕಡೆ ಕೊಟ್ಟುಬಿಡಿ, ಹೊಸದು ತಗೊಳ್ಳಿ. ಬೂದು ಪುಡಿಯೂ ಸೀಸವೇ, ಬಟ್ಟೆ ತುಂಡು ಹಾಕಿ ಎಳೆದರೆ ಹೋಗುತ್ತದೆ. ಹಿಡಿಯ ಬಿರುಕಿಗೆ ಮರದ ಗೋಂದು ಸಾಕು, ಆದರೆ ಚೌಕಾಸಿ ಮಾಡಲಿಕ್ಕೆ ಒಳ್ಳೆ ನೆಪ. 120ಕ್ಕೆ ಕೇಳಿ. ಎರಡು ಮ್ಯಾಗಝೀನ್ ಇದ್ದರೆ 150 ಕೊಟ್ಟರೂ ನಷ್ಟ ಇಲ್ಲ. ಗುಂಡು ಹಿಡಿಯುವ ಪೆಟ್ಟಿಗೆ ದೊಡ್ಡದು ಇಡಿ, ಕನ್ನಡಕ ಹಾಕಿಕೊಳ್ಳಿ. ದುಂಡು ಗುಂಡು ಗಟ್ಟಿ ಗೋಡೆಗೆ ಬಡಿದರೆ ವಾಪಸ್ ಬರುತ್ತದೆ.

ಶಿರಸಿ_ಅಡಿಕೆ

ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನಮ್ಮ ತೋಟದಲ್ಲಿ ಮಂಗನ ಕಾಟ ವಿಪರೀತ. ಒಂದೊಂದೇ ಪೆಲೆಟ್ ಹಾಕುವಷ್ಟರಲ್ಲಿ ಹಿಂಡು ಆಚೆ ತೋಟ ಸೇರಿರುತ್ತದೆ. ನಮ್ಮ ಭಾವ ಫ್ರಾಂಕ್‌ಫರ್ಟ್‌ನಿಂದ ಬರುವವನಿದ್ದಾನೆ, ಇಂಥದ್ದೊಂದು ಬ್ಯಾಗ್‌ನಲ್ಲಿ ಹಾಕಿಕೊಂಡು ಬಾ ಅಂತ ಹೇಳಬಹುದಾ?

ಪುತ್ತೂರು_ವಕೀಲ್ರು

ಬೇಡ. ಭಾವನನ್ನು ಕಸ್ಟಮ್ಸ್‌ನಲ್ಲಿ ಕೂರಿಸಬೇಡಿ. ನಮ್ಮಲ್ಲಿ 2016ರ ಆಯುಧ ನಿಯಮದ ಪ್ರಕಾರ 4.5 ಮಿಲಿಮೀಟರ್ ಮತ್ತು 20 ಜೌಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ, ಅದು ನಿಜ. ಆದರೆ ಲೈಸೆನ್ಸ್ ಬೇಡ ಅಂದರೆ ಹೊರದೇಶದಿಂದ ತರಬಹುದು ಅಂತಲ್ಲ. ಆಮದಿಗೆ ಬೇರೆ ನಿಯಮ ಇದೆ, ಬ್ಯಾಗ್‌ನಲ್ಲಿ ತಂದರೆ ಗನ್ ಅಲ್ಲೇ ಉಳಿಯುತ್ತದೆ.

ಮತ್ತೆ ಮಂಗನಿಗೆ ಹೊಡೆಯುವ ಆಲೋಚನೆಯನ್ನೇ ಬಿಡಿ. 1972ರ ವನ್ಯಜೀವಿ ಕಾಯ್ದೆಯಡಿ ಕೇಸ್ ಆಗುತ್ತದೆ. ಈ ಗನ್‌ಗಳ ಶಕ್ತಿಗೆ ಮಂಗ ಸಾಯುವುದೂ ಇಲ್ಲ, ಗುಂಡು ಮೈಯಲ್ಲಿ ಕೂತು ಗಾಯ ಕೊಳೆತು ನರಳುತ್ತದೆ.

ತೀರ್ಥಹಳ್ಳಿ_ಗುರಿಕಾರ

ಹೆದರಿಸಲಿಕ್ಕೆ ಅಂದರೂ ಇದು ಉಪಯೋಗ ಇಲ್ಲ ಶಿರಸಿಯವರೇ. 310ರ ಸದ್ದು ಎಷ್ಟು ಸಣ್ಣದು ಅಂದರೆ ಮಂಗ ಒಂದು ಸಲ ತಿರುಗಿ ನೋಡಿ ಮತ್ತೆ ಅಡಿಕೆ ಕೀಳಲಿಕ್ಕೆ ಕೂರುತ್ತದೆ. ನಮ್ಮ ಕಡೆ ನಾಯಿ ಸಾಕಿದವರ ತೋಟಗಳೇ ವಾಸಿ, ಅದರ ಬಗ್ಗೆ ಬೇರೆ ಪ್ರಶ್ನೆ ಹಾಕಿ, ಬರೆಯುತ್ತೇನೆ.