‘ಬೋಳಿಮಗ’, ‘ಮುಂಡೇಮಗ’: ಈ ಬೈಗುಳಗಳ ಮೂಲವೇನು?

ಪ್ರಶ್ನೆ:
ಹಳೆ ಮೈಸೂರಿನ ಕಡೆ ‘ಬೋಳಿಮಗ’, ‘ಮುಂಡೇಮಗ’ ಎಂಬ ಬೈಗುಳಗಳು ಜಗಳದಲ್ಲೂ ಗೆಳೆಯರ ಹರಟೆಯಲ್ಲೂ ಎಗ್ಗಿಲ್ಲದೆ ಕೇಳಿಬರುತ್ತವೆ. ಹೈಸ್ಕೂಲಿನಲ್ಲಿ ಓದುವ ಮಗ ಇವುಗಳ ಅರ್ಥ ಕೇಳಿದಾಗ ‘ಕೆಟ್ಟ ಮಾತು’ ಎಂದಷ್ಟೇ ಹೇಳಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ‘ಮುಂಡೆ’ ಎಂಬುದಕ್ಕೂ ‘ರುಂಡ-ಮುಂಡ’ ಎನ್ನುವಲ್ಲಿನ ಮುಂಡಕ್ಕೂ ಸಂಬಂಧವಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಎರಡೂ ವಿಧವೆಯನ್ನು ಕುರಿತ ಮಾತುಗಳು. ‘ಬೋಳಿ’ ಅಚ್ಚಗನ್ನಡದ ಪದ. ಬೋಳುತಲೆ, ಬೋಳುಗುಡ್ಡ ಎನ್ನುವಲ್ಲಿನ ‘ಬೋಳು’ ಅದರ ಮೂಲ. ‘ಮುಂಡೆ’ ಸಂಸ್ಕೃತದ ‘ಮುಂಡಾ’, ಅಂದರೆ ತಲೆ ಬೋಳಿಸಿದವಳು. ‘ಮುಂಡನ’ ಅದೇ ಕುಲದ ಶಬ್ದ. ತಲೆಯಿಲ್ಲದ ಒಡಲು ಎಂಬ ಅರ್ಥ ಈ ಬೈಗುಳಕ್ಕೆ ಹೊಂದುವುದಿಲ್ಲ. ಮುಖ್ಯವಾಗಿ ಬ್ರಾಹ್ಮಣ ಕುಟುಂಬಗಳಲ್ಲಿ ಗಂಡ ಸತ್ತವಳ ಬಳೆ ಒಡೆದು, ಕುಂಕುಮ ಅಳಿಸಿ, ಕೂದಲು ತೆಗೆಸಿ, ಕೆಂಪು ಸೀರೆ ಉಡಿಸಿ ಶುಭಕಾರ್ಯಗಳಿಂದ ದೂರವಿಡುತ್ತಿದ್ದರು. ಅದು ಒಂದು ದಿನಕ್ಕೆ ಮುಗಿಯುತ್ತಿರಲಿಲ್ಲ. ಕೂದಲು ಬೆಳೆದಾಗಲೆಲ್ಲ ಆಕೆ ಕ್ಷೌರದ ಕತ್ತಿಗೆ ಮತ್ತೆ ತಲೆಯೊಡ್ಡಬೇಕಿತ್ತು. ಬಾಲ್ಯವಿವಾಹದ ಆ ಕಾಲದಲ್ಲಿ ಈ ಪಾಡು ಪಟ್ಟವರಲ್ಲಿ ಇನ್ನೂ ಮೈನೆರೆಯದ ಹುಡುಗಿಯರೂ ಇದ್ದರು. ಹಾಗೆ ಬಲವಂತವಾಗಿ ಬೋಳಿಸಿದ ತಲೆಯನ್ನೇ ಬೈಗುಳವಾಗಿಸಿದ್ದು ನನ್ನ ಮಟ್ಟಿಗೆ ಎರಡನೆಯ ಕ್ರೌರ್ಯ.

ಉತ್ತರ 2:
ಉತ್ತರ ಕರ್ನಾಟಕದಲ್ಲಿ ಇದೇ ಜಾಗದಲ್ಲಿ ‘ರಂಡೆ’, ‘ರಂಡಿ’ ಎನ್ನುತ್ತಾರೆ. ಸಂಸ್ಕೃತದ ‘ರಂಡಾ’ ಎಂಬುದಕ್ಕೂ ವಿಧವೆ ಎಂಬ ಅರ್ಥವಿದೆ. ಹಿಂದಿಯಲ್ಲಿ ‘ರಂಡಿ’ ಎಂದರೆ ವೇಶ್ಯೆ ಎಂದೇ ಆಗಿಬಿಟ್ಟಿದೆ. ಗಂಡನಿಲ್ಲದವಳನ್ನು ಸಮಾಜ ಯಾವ ಕಣ್ಣಿನಿಂದ ನೋಡಿತೆಂಬುದು ಇದರಿಂದಲೇ ತಿಳಿಯುತ್ತದೆ. ‘ಮಗ’ ಸೇರಿದಾಗ ಬೈಗುಳ ಇನ್ನಷ್ಟು ಹರಿತವಾಗುವುದಕ್ಕೂ ಇದೇ ಕಾರಣವಿರಬೇಕು: ವಿಧವೆಯ ಮಗನೆನ್ನುವಾಗ ಅವನ ಹುಟ್ಟಿನ ಮೇಲೆಯೇ ಅನುಮಾನ ಹೊರಿಸಿದಂತಾಗುತ್ತದೆ. ಬೈಯುವುದು ಮಗನನ್ನಾದರೂ ಏಟು ಬೀಳುವುದು ತಾಯಿಗೆ.

ಉತ್ತರ 3:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬಳಕೆಯಲ್ಲಿ ಇನ್ನೊಂದು ಮುಖವೂ ಇದೆ. ‘ಪಾಪ, ಬಡ ಮುಂಡೇದು’ ಎಂದು ನಮ್ಮ ಕಡೆಯ ಅಜ್ಜಿಯರು ಮರುಕದಿಂದಲೇ ಹೇಳುತ್ತಾರೆ; ಅಲ್ಲಿ ವಿಧವೆಯ ನೆನಪು ಯಾರಿಗೂ ಬರುವುದಿಲ್ಲ. ಹಾಗೆಂದು ‘ಮುಂಡೆ ಮದುವೆಯಲ್ಲಿ ಉಂಡವನೇ ಜಾಣ’ ಎಂಬ ಗಾದೆಯನ್ನು ಹಗುರವಾಗಿ ಬಳಸುವುದು ನನಗೆ ಹಿಡಿಸುವುದಿಲ್ಲ, ಏಕೆಂದರೆ ವಿಧವೆಗೆ ಮದುವೆಯೆಂಬುದೇ ಅಲ್ಲಿ ನಗೆಪಾಟಲು. ವಿಧವಾ ಪುನರ್ವಿವಾಹಕ್ಕೆ 1856ರಲ್ಲೇ ಕಾನೂನಿನ ಮನ್ನಣೆ ದೊರೆತಿತ್ತು. 1890ರಲ್ಲಿ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿರ್ಧರಿಸಿದರು. ಪ್ರಶ್ನೆ ಕೇಳಿದವರು ಪದದ ಅರ್ಥದ ಜೊತೆಗೆ ಈ ಸಂಗತಿಯನ್ನೂ ಮಗನಿಗೆ ಹೇಳಲಿ; ಹೈಸ್ಕೂಲಿನ ಹುಡುಗನಿಗೆ ಇದು ಖಂಡಿತ ಅರ್ಥವಾಗುತ್ತದೆ.