ಎಂ42 ಅಡಾಪ್ಟರಲ್ಲಿ 55 ಸರಿ, 28 ಮಾತ್ರ ಮಸುಕು: ಬಾಡಿಯ ಕನ್ನಡಿ ತಿದ್ದಿಸಬೇಕಾ?

ಉಡುಪಿ_ಫಿಲ್ಮ್

ಬಾಡಿ ಕ್ಯಾನನ್ ಇಓಎಸ್ 30, ಫಿಲ್ಮಿನದ್ದು. ಎಂ42 (ತಿರುಗಿಸಿ ಹಾಕುವ ಹಳೆಯ ಲೆನ್ಸ್ ಮೌಂಟ್)ನಿಂದ ಕ್ಯಾನನ್ನಿನ ಇಎಫ್ ಮೌಂಟಿಗೆ ಅಲ್ಯೂಮಿನಿಯಂ ಅಡಾಪ್ಟರ್, ಒಂದೇ ತುಂಡು, ಒಳಗೆ ಗಾಜೂ ಇಲ್ಲ ಚಿಪ್ಪೂ ಇಲ್ಲ. 55 ಮಿ.ಮೀ. ಎಫ್/1.8 ಲೆನ್ಸ್ ಇದರಲ್ಲಿ ಚೆನ್ನಾಗಿಯೇ ಬರುತ್ತದೆ. 28 ಮಿ.ಮೀ. ಎಫ್/3.5 ಹಾಕಿ, ಸ್ಕೇಲನ್ನು ಇನ್ಫಿನಿಟಿಗೆ ಇಟ್ಟು ಮಲ್ಪೆಯಲ್ಲಿ ತೆಗೆದ ರೋಲಿನಲ್ಲಿ ಎಫ್/3.5 ಮತ್ತು ಎಫ್/4ರ ಫ್ರೇಮುಗಳೆಲ್ಲ ಮಸುಕು. ಚಿತ್ರದ ಎಡಬದಿ ಇನ್ನೂ ಹೆಚ್ಚು. ಎಫ್/11ರವು ಸರಿ ಉಂಟು. ಫೈಂಡರಿನಲ್ಲಿ ನೋಡುತ್ತಾ ತಿರುಗಿಸಿದರೆ ದೂರದ ದೋಣಿ ಚೂಪಾಗುವುದು ಇನ್ಫಿನಿಟಿಯಲ್ಲಿ ಅಲ್ಲ, 10 ಮೀಟರಿನ ಗುರುತು ದಾಟಿ ಸ್ವಲ್ಪದರಲ್ಲಿ.

ಅಡಾಪ್ಟರಿನ ದಪ್ಪ ಮೈಕ್ರೋಮೀಟರಿನಲ್ಲಿ, ಕ್ಯಾಮರಾ ಹಿಂದಿನಿಂದ ಹಿಡಿದ ಹಾಗೆ: ಮೇಲೆ 1.39, ಬಲ 1.36, ಕೆಳಗೆ 1.39, ಎಡ 1.42 ಮಿ.ಮೀ. ರಿಪೇರಿಯವರು ಕನ್ನಡಿಯ ಕೋನ ತಿದ್ದಬೇಕು ಅಂತಾರೆ. ಕೊಡಬಹುದಾ, ಅಥವಾ ಅಡಾಪ್ಟರಿಗೇ ಎಂತಾದರೂ ಮಾಡಬೇಕಾ?

ಕುಡ್ಲ_135

ಕನ್ನಡಿ ಮುಟ್ಟಿಸಬೇಡಿ ಮಾರಾಯ್ರೆ. ಎಸ್‌ಎಲ್‌ಆರ್‌ನಲ್ಲಿ, ಅಂದರೆ ಲೆನ್ಸಿನ ಬಿಂಬವನ್ನೇ ಕನ್ನಡಿಯಿಂದ ಫೈಂಡರಿನಲ್ಲಿ ತೋರಿಸುವ ಕ್ಯಾಮರಾದಲ್ಲಿ, ಕನ್ನಡಿ, ಫೈಂಡರಿನ ಬಿಂಬ ಬೀಳುವ ಸ್ಕ್ರೀನು, ಫಿಲ್ಮು ಮೂರೂ ಅಡಾಪ್ಟರಿನ ಹಿಂದೆ ಇರುವುದು. ಅಡಾಪ್ಟರ್ ಎಷ್ಟು ತಪ್ಪಿದರೂ ಸ್ಕ್ರೀನಿಗೆ ತಪ್ಪಿದಷ್ಟೇ ಫಿಲ್ಮಿಗೂ ತಪ್ಪುತ್ತದೆ. ಫೈಂಡರಿನಲ್ಲಿ ಚೂಪು, ಫಿಲ್ಮಿನಲ್ಲಿ ಮಸುಕು ಎಂದಾದಾಗ ಮಾತ್ರ ಕನ್ನಡಿಯ ಕೋನವನ್ನೋ ಸ್ಕ್ರೀನಿನ ಎತ್ತರವನ್ನೋ ಸಂಶಯಿಸಬೇಕು. ನಿಮ್ಮ ಫೈಂಡರ್ ಸತ್ಯವನ್ನೇ ಹೇಳುತ್ತಾ ಉಂಟು, ನೀವು ನಂಬಿದ್ದು ಸ್ಕೇಲನ್ನು. ಈಗ ಕನ್ನಡಿ ತಿದ್ದಿಸಿದರೆ ಸರಿ ಇರುವ ಇಎಫ್ ಲೆನ್ಸುಗಳೂ ಕೆಟ್ಟುಹೋಗುತ್ತವೆ.

ಲೆಕ್ಕ ನೋಡಿ. ಎಂ42 ಲೆನ್ಸಿಗೆ ಮೌಂಟಿನಿಂದ ಫಿಲ್ಮಿಗೆ 45.46 ಮಿ.ಮೀ. ಬೇಕು, ಇಓಎಸ್ ಬಾಡಿಯಲ್ಲಿ ಇರುವುದು 44.00. ಅಡಾಪ್ಟರ್ 1.46 ಇರಬೇಕು. ನಿಮ್ಮದರ ಸರಾಸರಿ 1.39, ಅಂದರೆ ಲೆನ್ಸ್ 0.07 ಹೆಚ್ಚು ಒಳಗೆ ಕೂತಿದೆ. ಫೋಕಲ್ ಲೆಂಗ್ತಿನ ವರ್ಗವನ್ನು ಈ ತಪ್ಪಿನಿಂದ ಭಾಗಿಸಿದರೆ ನಿಜವಾದ ಇನ್ಫಿನಿಟಿ ಸ್ಕೇಲಿನಲ್ಲಿ ಎಲ್ಲಿ ಬರುತ್ತದೆ ಎಂದು ಸಿಗುತ್ತದೆ. 28ಕ್ಕೆ 784 ಭಾಗಿಸು 0.07, ಸುಮಾರು 11 ಮೀಟರ್. ನೀವು ನೋಡಿದ್ದೂ ಅದೇ. 55ಕ್ಕೆ 43 ಮೀಟರ್, 135ಕ್ಕೆ 260 ಮೀಟರ್. ಅಡಾಪ್ಟರಿನ ತಪ್ಪು ವೈಡ್ ಲೆನ್ಸಿನಲ್ಲೇ ಮೊದಲು ಎದ್ದು ಕಾಣುವುದು ಇದಕ್ಕೇ. 55ರಲ್ಲಿ ಹೇಗೂ ಕಣ್ಣಿನಿಂದ ಫೋಕಸ್ ಮಾಡುತ್ತೀರಿ, ಗೊತ್ತೇ ಆಗುವುದಿಲ್ಲ.

ಫಿಲ್ಮಿನ ಬದಿಯ ಸಲಿಗೆ, ಅಂದರೆ ಎಷ್ಟು ತಪ್ಪಿದರೂ ಚೂಪಾಗಿಯೇ ಕಾಣುವ ಅಳತೆ, ಎಫ್ ಸಂಖ್ಯೆ ಗುಣಿಸು 0.03 (ಮಸುಕು ಚುಕ್ಕೆಯ ಒಪ್ಪುವ ಅಗಲ, ಮಿ.ಮೀ.): ಎಫ್/3.5ಕ್ಕೆ ಆಚೀಚೆ 0.105, ಎಫ್/11ಕ್ಕೆ 0.33. ಎಡಕ್ಕೂ ಬಲಕ್ಕೂ ನಿಮಗೆ 0.06 ವ್ಯತ್ಯಾಸ ಉಂಟಲ್ಲ, ಅದು 36 ಮಿ.ಮೀ. ಫ್ರೇಮಿನ ಒಂದೊಂದು ಅಂಚಿನಲ್ಲಿ ಸುಮಾರು 0.02 ಆಗುತ್ತದೆ. ಒಂದು ಅಂಚಿನಲ್ಲಿ ತಪ್ಪು 0.09, ಇನ್ನೊಂದರಲ್ಲಿ 0.05. ಅಡಾಪ್ಟರ್ ತೆಳು ಇರುವುದು ಬಲಕ್ಕೆ, ಬಿಂಬ ತಿರುಗುಮುರುಗು, ಹಾಗಾಗಿ ಚಿತ್ರದ ಎಡ ಹೆಚ್ಚು ಮಸುಕು. ಎಲ್ಲ ಸರಿಯಾಗಿ ಕೂಡಿಬರುತ್ತದೆ. 0.03 ಎಂಬುದು ಸಣ್ಣ ಪ್ರಿಂಟಿನ ಅಳತೆ. ಸ್ಕ್ಯಾನ್ ಮಾಡಿ ದೊಡ್ಡದಾಗಿ ನೋಡುವವರಿಗೆ ಅದರ ಅರ್ಧ ಸಲಿಗೆಯೂ ಇಲ್ಲ.

ಗ್ರೌಂಡ್_ಗ್ಲಾಸ್_ಮಣಿಪಾಲ

ಮೇಲಿನ ಲೆಕ್ಕ ಸರಿ. ಆದರೂ ತಿದ್ದುವ ಮೊದಲು ಫಿಲ್ಮಿನ ಜಾಗದಲ್ಲೇ ಒಮ್ಮೆ ನೋಡಿ. ಮೈಕ್ರೋಮೀಟರ್ ಅಡಾಪ್ಟರನ್ನು ಮಾತ್ರ ಹೇಳುತ್ತದೆ, ಬಾಡಿಯನ್ನು ಹೇಳುವುದಿಲ್ಲ.

ಹಿಂಬಾಗಿಲು ತೆರೆದರೆ ಫಿಲ್ಮ್ ಗೇಟಿನ ಮೇಲೂ ಕೆಳಗೂ ಎರಡೆರಡು ಪಟ್ಟಿ ಕಾಣುತ್ತವೆ. ಒಳಗಿನವು ತಗ್ಗು, ಫಿಲ್ಮ್ ಕೂರುವುದು ಅವುಗಳ ಮೇಲೆ. ಹೊರಗಿನವು ಸುಮಾರು 0.2 ಮಿ.ಮೀ. ಎತ್ತರ, ಪ್ರೆಶರ್ ಪ್ಲೇಟ್ ಕೂರುವುದು ಅಲ್ಲಿ. ಬಿಂಬ ನೋಡಲು ಇಲ್ಲಿ ಗ್ರೌಂಡ್ ಗ್ಲಾಸ್, ಅಂದರೆ ಒಂದು ಬದಿ ಒರಟಾದ ಗಾಜು ಇಡಬೇಕು. ಅದು ಒಳಗಿನ ಪಟ್ಟಿಗಳ ಮೇಲೆಯೇ ಕೂರಬೇಕು, ಹಾಗಾಗಿ ಅಗಲ 34 ಮಿ.ಮೀ. ದಾಟಬಾರದು. ಹೊರಗಿನದರ ಮೇಲೆ ಕೂತರೆ 0.2 ತಪ್ಪು, ಅದು ನಿಮ್ಮ ಅಡಾಪ್ಟರಿನ ತಪ್ಪಿನ ಸುಮಾರು ಮೂರು ಪಟ್ಟು. ಗಾಜಿನ ಒರಟು ಬದಿ ಲೆನ್ಸಿನ ಕಡೆಗೆ. ಮ್ಯಾಟ್ ಟೇಪ್ ಅಂಟಿಸುವವರಿದ್ದಾರೆ, ಅದು ನಡುವೆ ಜೋತುಬೀಳುತ್ತದೆ, 28ಕ್ಕೆ ನಂಬುವ ಹಾಗಿಲ್ಲ. ಶಟರ್ ಬಿ-ಯಲ್ಲಿ (ಬಟನ್ ಒತ್ತಿದಷ್ಟು ಹೊತ್ತು ತೆರೆದಿರುವ ಕ್ರಮ) ಇಟ್ಟು ರಿಮೋಟಿನ ಬಟನ್ ಲಾಕ್ ಮಾಡಿ, 8 ಅಥವಾ 10 ಪಟ್ಟಿನ ಲೂಪಿನಲ್ಲಿ (ಭೂತಗನ್ನಡಿ) ನೋಡಿ. ಶಟರಿನ ಎಲೆಗೆ ಬೆರಳು ತಾಗಬಾರದು. ಗಾಜು ಇಡುವುದು, ತೆಗೆಯುವುದು ಎಲೆ ಮುಚ್ಚಿರುವಾಗ ಮೆಲ್ಲಗೆ.

ಮೊದಲು ಕ್ಯಾನನ್ನಿನದ್ದೇ ಇಎಫ್ ಲೆನ್ಸ್ ಹಾಕಿ, ಫೈಂಡರಿನಲ್ಲಿ ಚೂಪಾದದ್ದು ಗಾಜಿನಲ್ಲೂ ಚೂಪೇ ಎಂದು ನೋಡಿಕೊಳ್ಳಿ. ಹೌದಾದರೆ ಬಾಡಿ ನಿರ್ದೋಷಿ. ಆಮೇಲೆ ಅಡಾಪ್ಟರ್.

ಗುರಿ ಯಾವುದು? 28ಕ್ಕೆ ಕಡಲವರೆಗೆ ಹೋಗಬೇಕಂತಿಲ್ಲ, 300 ಮೀಟರ್ ದೂರದ ಮೊಬೈಲ್ ಟವರ್ ಸಾಕು. ಅಲ್ಲಿ ಉಳಿಯುವ ವ್ಯತ್ಯಾಸ 0.003 ಮಿ.ಮೀ. 200ರ ಲೆನ್ಸಿಗಾದರೆ 1 ಕಿ.ಮೀ. ಕೂಡ ಕಡಿಮೆ, 0.04 ಉಳಿಯುತ್ತದೆ. ಅದಕ್ಕೆ ಮಲ್ಪೆಯಿಂದ ಸುಮಾರು 6 ಕಿ.ಮೀ. ದೂರದ ಸೇಂಟ್ ಮೇರೀಸ್ ದ್ವೀಪದ ತೆಂಗಿನಮರಗಳು, ಅಥವಾ ಪಣಂಬೂರಿನಿಂದ ಹೊರಗೆ ಲಂಗರು ಹಾಕಿದ ಹಡಗಿನ ಕಂಬ. ಬರೀ ನೀರಿನ ಗೆರೆಯನ್ನು ನೋಡಿ ಫೋಕಸ್ ಮಾಡಬೇಡಿ, ಕಣ್ಣಿಗೆ ಹಿಡಿತ ಸಿಗುವುದಿಲ್ಲ. ಬೆಳಿಗ್ಗೆ ಏಳರ ಒಳಗೆ ನೋಡಿ. ಹೊಯಿಗೆ ಕಾದ ಮೇಲೆ ಗಾಳಿ ಕುದಿಯುತ್ತದೆ, ಟವರಿನ ಅಂಚೂ ನಡುಗುತ್ತದೆ.

ಜೂನ್-ಜುಲೈಯಲ್ಲಿ ದೂರ ಎಂಬುದೇ ಕಾಣದಿದ್ದಾಗ ಎರಡು ಕ್ಯಾಮರಾಗಳನ್ನು ಎದುರುಬದುರು ಇಡಿ. ಪರೀಕ್ಷೆಯ ಬಾಡಿಯ ಫಿಲ್ಮ್ ಪಟ್ಟಿಗಳ ಮೇಲೆ ಸೂಜಿಯಿಂದ ಗೀರಿದ ಫಿಲ್ಮ್ ತುಂಡು, ಗೀರಿದ ಬದಿ ಲೆನ್ಸಿಗೆ, ಮೇಲಿಂದ ಗಾಜಿನ ಒತ್ತು, ಹಿಂದೆ ಟಾರ್ಚ್. ಇನ್ನೊಂದು ಎಸ್‌ಎಲ್‌ಆರ್‌ಗೆ 135 ಅಥವಾ 200ರ ಲೆನ್ಸ್ ಹಾಕಿ, ಬಿಸಿಲಿನ ದಿನವೇ ನಿಜವಾದ ಇನ್ಫಿನಿಟಿ ಕಂಡುಹಿಡಿದು ಟೇಪ್ ಸುತ್ತಿ ಇಟ್ಟಿರಬೇಕು. ಅದರೊಳಗಿಂದ ನೋಡಿ. ಪರೀಕ್ಷೆಯ ಲೆನ್ಸ್ ನಿಜವಾಗಿ ಇನ್ಫಿನಿಟಿಯಲ್ಲಿ ಇದ್ದರೆ ಮಾತ್ರ ಗೀರುಗಳು ಚೂಪಾಗಿ ಕಾಣುತ್ತವೆ.

ಲೇತ್_ಬೈಕಂಪಾಡಿ

ಈಗ ತಿದ್ದುವ ಕೆಲಸ. ನಾಲ್ಕೂ ಕಡೆ ಸಮ ಮಾಡದೆ ಶಿಮ್ (ಎತ್ತರ ಕೂಡಿಸುವ ತೆಳು ಉಂಗುರ) ಹಾಕಿದರೆ ವಾಲಿದ ಅಡಾಪ್ಟರ್ ವಾಲಿದ ಹಾಗೇ ಮೇಲೇರುತ್ತದೆ. ಆದ್ದರಿಂದ ಮೊದಲು ತಿಕ್ಕಿ ತಗ್ಗಿನ ಬದಿಗೆ ಸಮ ಮಾಡಿ: ಎಲ್ಲ ಕಡೆ 1.36. ಮೇಲಿಂದ 0.10ರ ಹಿತ್ತಾಳೆ ಶಿಮ್. 1.46 ಆಯಿತು.

ದಪ್ಪ ಗಾಜಿನ ಮೇಲೆ 600ರ ವಾಟರ್ ಪೇಪರ್, ಎರಡು ಹನಿ ಚಿಮಿಣಿ ಎಣ್ಣೆ. ಅಡಾಪ್ಟರಿನ ಮುಂದಿನ ಮುಖ, ಅಂದರೆ ಲೆನ್ಸ್ ಕೂರುವ ಮುಖ ಕೆಳಗೆ ಮಾಡಿ 8ರ ಆಕಾರದಲ್ಲಿ ತಿಕ್ಕಿ. ಬೆರಳಿನ ಒತ್ತು 1.42ರ ಬದಿಗೆ ಮಾತ್ರ. ಹತ್ತು ಸುತ್ತಿಗೊಮ್ಮೆ ಒರಸಿ ಅಳೆಯಿರಿ. ಕಪ್ಪು ಬಣ್ಣ ಹೋಗುವುದು ನೋಡಿದರೇ ಗೊತ್ತಾಗುತ್ತದೆ: ಮೊದಲು ದಪ್ಪ ಬದಿಯಲ್ಲಿ ಚಂದ್ರನ ಹಾಗೆ ಬೆಳ್ಳಿ ಬಣ್ಣ ಬರುತ್ತದೆ, ಅದು ಮೆಲ್ಲಗೆ ಹಬ್ಬಿ ಪೂರ್ತಿ ಉಂಗುರ ಆಗುವಾಗ ಸಮಕ್ಕೆ ಹತ್ತಿರ ಬಂದಿದ್ದೀರಿ. ಕೊನೆಗೆ 1000ರ ಪೇಪರ್. ಬಾಡಿಗೆ ತಾಗುವ ಹಿಂಬದಿಯನ್ನು ತಿಕ್ಕಬೇಡಿ, ಬಾಡಿಗೆ ಸಿಕ್ಕಿಕೊಳ್ಳುವ ಬಯೋನೆಟ್ ಕಿವಿಗಳ ಬಿಗಿ ಹೋಗುತ್ತದೆ. ಮುಗಿದ ಮೇಲೆ ಸೋಪು ನೀರಿನಲ್ಲಿ ಹಳೆ ಬ್ರಶ್ಶಿನಿಂದ ತೊಳೆದು ಪೂರ್ತಿ ಒಣಗಿಸಿ. ಅಲ್ಯೂಮಿನಿಯಂ ಹುಡಿ ಕನ್ನಡಿಪೆಟ್ಟಿಗೆಗೆ ಹೋದರೆ ತೆಗೆಯುವುದು ಕಷ್ಟ.

ಅಳೆಯುವಾಗ ಒಂದು ಜಾಗ್ರತೆ. ಕೆಲವು ಅಡಾಪ್ಟರಿನಲ್ಲಿ ಲೆನ್ಸ್ ಕೂರುವ ಒಳ ಸುತ್ತು ಹೊರ ಅಂಚಿಗಿಂತ ಒಂದು ಕೂದಲು ತಗ್ಗು ಇರುತ್ತದೆ. ಹಾಗಿದ್ದರೆ ಹೊರ ಅಂಚಿನ ಅಳತೆ ಸುಳ್ಳು, ತಿಕ್ಕುವ ಕೆಲಸವೂ ನಡೆಯದು. ಸ್ಟೀಲ್ ರೂಲರಿನ ಅಂಚನ್ನು ಮುಖದ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ವರ್ನಿಯರ್ ಈ ಕೆಲಸಕ್ಕೆ ಸಾಲದು.

ಶಿಮ್ ಪೂರ್ತಿ ಉಂಗುರ ಇರಲಿ: ಒಳಗೆ 42.5 ಮಿ.ಮೀ., ಹೊರಗೆ ಲೆನ್ಸಿನ ಹಿಂದಿನ ಅಂಚಿನಷ್ಟು. ಕತ್ತರಿಸಿದ ಅಂಚು ಏಳುತ್ತದೆ, ಗಾಜಿನ ಮೇಲೆ 1000ರಲ್ಲಿ ನಾಲ್ಕು ಸಲ ಎಳೆದು ಮೈಕ್ರೋಮೀಟರಿನಲ್ಲಿ ಪುನಃ ಅಳೆಯಿರಿ. ಬರೆಯುವ ಕಾಗದವೂ ಸುಮಾರು 0.1 ಇರುತ್ತದೆ, ಪ್ರಯೋಗಕ್ಕೆ ಅಡ್ಡಿಯಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಖಾಯಂ ಇಡಬೇಡಿ. ಅಡುಗೆಮನೆಯ ಫಾಯಿಲ್ ಹರಿದು ಚೂರು ಇಓಎಸ್ ಬಾಡಿಯ ಚಿನ್ನದ ಪಿನ್ನುಗಳ ಮೇಲೆ ಬಿದ್ದರೆ ಶಾರ್ಟ್ ಆಗುವ ಭಯ ಉಂಟು. ಸೂಪರ್ ಗ್ಲೂ ಬೇಡವೇ ಬೇಡ, ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಕೆ1000_ಕಾಪು

ಇದೇ ಕ್ರಮ ಪೆಂಟಾಕ್ಸ್ ಕೆ1000ಗೂ ಆಗುತ್ತದಾ? 58ರ ಎಂ42 ಲೆನ್ಸ್, ಮೂರೂವರೆ ಮೀಟರಿನಿಂದ ಆಚೆ ಎಂತದೂ ಚೂಪಾಗುವುದಿಲ್ಲ.

ಕುಡ್ಲ_135

ನಿಮ್ಮದು ತಿರುಗಾಮುರುಗ. ಪೆಂಟಾಕ್ಸ್ ಕೆ ಮೌಂಟಿನದ್ದೂ 45.46, ಅಡಾಪ್ಟರಿಗೆ ದಪ್ಪವೇ ಇರಕೂಡದು. ನಿಮ್ಮದಕ್ಕೆ ಹೊರಗೆ 1 ಮಿ.ಮೀ. ಅಂಚು ಇರಬೇಕು: 58ರ ವರ್ಗ 3364, ಭಾಗಿಸು 1, ಸುಮಾರು 3.4 ಮೀಟರ್. ಶಿಮ್ಮಿನಿಂದ ಇದು ಗುಣವಾಗುವುದಿಲ್ಲ, ಶಿಮ್ ಕೂಡಿಸಬಲ್ಲದೇ ಹೊರತು ಕಳೆಯಲಾರದು. ಮೌಂಟಿನ ಒಳಗೇ ಮುಳುಗಿ ಕೂರುವ, ಸ್ಪ್ರಿಂಗ್ ಇರುವ ಅಡಾಪ್ಟರ್ ತೆಗೆದುಕೊಳ್ಳಿ. ನಿಕಾನ್ ಎಫ್ ಬಾಡಿಯವರಿಗೆ ಆ ದಾರಿಯೂ ಇಲ್ಲ. ಅಲ್ಲಿ 46.50, ಎಂ42ಕ್ಕೆ 1.04 ಕೊರತೆ, ಒಳಗೆ ಗಾಜು ಇಟ್ಟ ಅಡಾಪ್ಟರಿನಿಂದ ಇನ್ಫಿನಿಟಿ ಬಂದರೂ ಚೂಪು ಹೋಗುತ್ತದೆ.

ಉಡುಪಿ_ಫಿಲ್ಮ್

ತಿಕ್ಕಿ 1.36ಕ್ಕೆ ಸಮ ಮಾಡಿ, ಕಾಗದದ ಉಂಗುರ ಇಟ್ಟು ನೋಡಿದೆ. ಇನ್ಫಿನಿಟಿ ಸ್ಕೇಲಿನ ಗುರುತಿಗೆ ಬಂತು. ಆದರೆ ಲೆನ್ಸ್ ಬಿಗಿಯಾಗುವಾಗ ಅದರ ನಡುಗುರುತು ಮೇಲಕ್ಕೆ ಬರುವುದಿಲ್ಲ, ಪಕ್ಕಕ್ಕೆ ನಿಲ್ಲುತ್ತದೆ. ಮೊದಲು ನೆಟ್ಟಗಿತ್ತು.

ಲೇತ್_ಬೈಕಂಪಾಡಿ

ಅದು ಹಾಗೇ ಆಗಬೇಕು. ಎಂ42ರ ಮರೆ (ಸ್ಕ್ರೂವಿನ ಸುರುಳಿ) ಒಂದು ಸುತ್ತಿಗೆ 1 ಮಿ.ಮೀ. 0.03 ತಿಕ್ಕಿ 0.10 ಕೂಡಿಸಿ ನೀವು ಲೆನ್ಸನ್ನು 0.07 ಎತ್ತಿದಿರಿ, ಸುತ್ತಿನ ನೂರರಲ್ಲಿ 7 ಪಾಲು, 25 ಡಿಗ್ರಿ ಮೊದಲೇ ಲೆನ್ಸ್ ನಿಲ್ಲುತ್ತದೆ. ಬಿಂಬಕ್ಕೆ ಏನೂ ತೊಂದರೆ ಇಲ್ಲ, ಸ್ಕೇಲು ಓದಲು ಕುತ್ತಿಗೆ ವಾಲಿಸಬೇಕು ಅಷ್ಟೆ. ಗುರುತು ನೆಟ್ಟಗೇ ಬೇಕಾದರೆ ಎರಡು ತುಂಡಿನ ಅಡಾಪ್ಟರ್ ತೆಗೆದುಕೊಳ್ಳಿ, ಒಳಗಿನ ಮರೆ ಉಂಗುರವನ್ನು ಮೂರು ಸಣ್ಣ ಸ್ಕ್ರೂ ಹಿಡಿದಿರುತ್ತವೆ. ಲೆನ್ಸ್ ಬಿಗಿ ಮಾಡಿ, ಮೂರನ್ನೂ ಅರ್ಧ ಸುತ್ತು ಸಡಿಲಿಸಿ, ಲೆನ್ಸನ್ನೇ ಹಿಡಿದು ಗುರುತು ಮೇಲಕ್ಕೆ ತಂದು, ಸ್ವಲ್ಪ ಸ್ವಲ್ಪವೇ ಮೂರನ್ನೂ ಸರದಿಯಲ್ಲಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಉಂಗುರ ಪುನಃ ವಾಲುತ್ತದೆ. ಬಿಗಿ ಮಾಡಿದ ಮೇಲೆ ದಪ್ಪ ಪುನಃ ನಾಲ್ಕು ಕಡೆ ಅಳೆಯಿರಿ.