ಸಹಾಯ ಬೇಕು: ಟಾರಿಡನ್ ಬೆಟ್ಟದ ಹಾದಿ, ಮಳೆ ಮತ್ತು ಬ್ರೇಕ್ ಪ್ಯಾಡ್

ಎಲ್ಲರಿಗೂ ನಮಸ್ಕಾರ. ಎಡಿನ್‌ಬರ್ಗ್‌ನಲ್ಲಿರುವ ನಾನು ಮತ್ತು ನನ್ನ ತಮ್ಮ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ವಾಯವ್ಯದ ಟಾರಿಡನ್‌ಗೆ ಮೌಂಟನ್ ಬೈಕ್ ಒಯ್ಯುತ್ತಿದ್ದೇವೆ. ಅಕ್ನಶೆಲಾಕ್ ರೈಲು ನಿಲ್ದಾಣದಿಂದ ಕೋರಿ ಲೇರ್ ಕಣಿವೆ ಹತ್ತಿ, ಆಚೆ ಬದಿಯ ಆನಟ್‌ಗೆ ಇಳಿಯುವ ಯೋಚನೆ. 2003ರ ಭೂಸುಧಾರಣಾ ಕಾಯ್ದೆಯಿಂದಾಗಿ ಇಲ್ಲಿ ಬೆಟ್ಟದ ಹಾದಿಯಲ್ಲಿ ಸೈಕಲ್ ತುಳಿಯುವುದೂ ನಮ್ಮ ಹಕ್ಕೇ. ಚಿಂತೆ ಇರುವುದು ಹವೆಯದು.

ಹೋದ ತಿಂಗಳು ಪೀಬಲ್ಸ್ ಬಳಿಯ ಗ್ಲೆಂಟ್ರೆಸ್ ಕಾಡಿಗೆ ಹೋಗಿದ್ದೆವು. ಹೊರಟಾಗ ಎಳೆಬಿಸಿಲು, ಗಂಟೆಯೊಳಗೆ ಮಂಜು, ಆಮೇಲೆ ಮುಖಕ್ಕೆ ರಾಚುವ ಮಳೆ. ಇಳಿಜಾರಿನಲ್ಲಿ ತಮ್ಮನ ಹಿಂದಿನ ಬ್ರೇಕ್ ಕರಕರ ಎನ್ನತೊಡಗಿತು. ಚಕ್ರ ಬಿಚ್ಚಿ ನೋಡಿದರೆ ಪ್ಯಾಡ್ ಪೂರ್ತಿ ಸವೆದು ಬರೀ ತಗಡು ಡಿಸ್ಕಿಗೆ ಉಜ್ಜುತ್ತಿತ್ತು. ಅವನ ಬೆರಳುಗಳು ಮರಗಟ್ಟಿ ಲಿವರ್ ಎಳೆಯಲೂ ಆಗುತ್ತಿರಲಿಲ್ಲ. ಅಲ್ಲಾದರೆ ಕಾರು ಹತ್ತಿರವಿತ್ತು. ಟಾರಿಡನ್‌ನಲ್ಲಿ ಇರುವುದಿಲ್ಲ. ನಿಜವಾಗಿಯೂ ಅವನ ಬಗ್ಗೆ ಭಯವಾಗಿದೆ.

ಹಾಗಾಗಿ ಕೇಳುತ್ತಿದ್ದೇನೆ: ಮರಳುಗಲ್ಲಿನ ಕೆಸರಿನಲ್ಲಿ ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಪ್ಯಾಡ್ ದಿನಪೂರ್ತಿ ಬಾಳುತ್ತದೆಯೇ, ಬದಲಿ ಎಷ್ಟು ಜೋಡಿ ಒಯ್ಯಬೇಕು? ಒದ್ದೆಯಾದರೂ ಬೆಚ್ಚಗಿಡುವ, ಲಿವರ್ ಹಿಡಿತಕ್ಕೆ ಅಡ್ಡಿಯಾಗದ ಕೈಗವಸು ಯಾವುದು? ಹಾದಿಗೆ ಅಡ್ಡಲಾಗಿ ನಿಲ್ಲಿಸಿದ ಚರಂಡಿ ಕಲ್ಲುಗಳು ಟೈರು ಸೀಳುತ್ತವೆ ಎನ್ನುತ್ತಾರೆ, ನೀವು ಗಾಳಿ ಎಷ್ಟು ಇಡುತ್ತೀರಿ? ಮುಖ್ಯವಾಗಿ, ಮಳೆ ಜೋರಾದರೆ ಎಲ್ಲಿಂದ ಹಿಂದಿರುಗುವುದು ಕ್ಷೇಮ?

ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಸಂದೇಶ ಕಳುಹಿಸುವ ಸೇವೆಗೆ ಇಬ್ಬರ ಮೊಬೈಲನ್ನೂ ನೋಂದಾಯಿಸಿದ್ದೇವೆ. ಈ ಹಾದಿಯಲ್ಲಿ ಸ್ವತಃ ಸೈಕಲ್ ತುಳಿದವರು ದಯವಿಟ್ಟು ಉತ್ತರಿಸಿ.